ಸೈಕಲ್ ಮೇಲೆ ನಾಲ್ಕು ದಿನ: ನಮ್ಮ ಕಡೆಯ ನೆಲಕ್ಕೆ ಯಾವ ಮ್ಯಾಟ್?

ಪ್ರಶ್ನೆ: ಸರ್, ನಮಸ್ಕಾರ. ನಾನು ಸೇಡಂನವನು. ಎಳ್ಳಮವಾಸ್ಯೆ ಮುಗಿದ ಮೇಲೆ ಗೆಳೆಯನ ಜೊತೆ ನಾಲ್ಕು ದಿನ ಸೈಕಲ್ ಮೇಲೆ ಹೊರಟಿದ್ದೇನೆ. ಸೇಡಂನಿಂದ ಚಿಂಚೋಳಿ, ಅಲ್ಲಿಂದ ಹುಮನಾಬಾದ್, ಕೊನೆಗೆ ಬೀದರ್. ಟೆಂಟ್ ಇದೆ, ಸ್ಲೀಪಿಂಗ್ ಬ್ಯಾಗ್ ಇದೆ. ಕೆಳಗೆ ಏನು ಹಾಸಬೇಕು ಅನ್ನೋದೇ ತಿಳಿಯುತ್ತಿಲ್ಲ. ಗಾಳಿ ತುಂಬುವ ಮ್ಯಾಟ್ 800 ರೂಪಾಯಿಗೂ ಸಿಗುತ್ತದೆ, 15 ಸಾವಿರಕ್ಕೂ ಸಿಗುತ್ತದೆ. ಮನೆಯಲ್ಲಿ ಒಂದು ಯೋಗ ಮ್ಯಾಟ್ ಇದೆ. ಅವ್ವ ಕೌದಿ ಒಯ್ಯಿ ಅಂತಾಳೆ. ನಾನು ಮಗ್ಗಲಾಗಿ ಮಲಗುವವನು, ಎತ್ತರ 5 ಅಡಿ 10 ಇಂಚು. ಯಾವುದು ತಗೊಳ್ಳಲಿ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಎರಡು ಪದರ ಮಾಡಿಕೊಳ್ಳಿ. ಕೆಳಗೆ ತೆಳ್ಳನೆಯ ಫೋಮ್ ಮ್ಯಾಟ್, ಅದರ ಮೇಲೆ ಮಧ್ಯಮ ಬೆಲೆಯ ಗಾಳಿ ಮ್ಯಾಟ್. ಎರಡಕ್ಕೂ ದುಡ್ಡು ಆಗೋದಿಲ್ಲ ಅಂದರೆ ಫೋಮ್ ಒಂದೇ ತಗೊಳ್ಳಿ. ಗಾಳಿ ಮ್ಯಾಟ್ ಒಂದನ್ನೇ ನಂಬಿಕೊಂಡು ನಮ್ಮ ಕಡೆ ಹೊರಡಬೇಡಿ, ಅದು 15 ಸಾವಿರದ್ದಾದರೂ ಸರಿ.

ಕಾರಣ ಮುಳ್ಳು.

ಗಾಳಿ ಮ್ಯಾಟ್ ಹೊಗಳುವವರು ಹೆಚ್ಚಾಗಿ ಹುಲ್ಲುಗಾವಲಿನಲ್ಲಿ, ಇಲ್ಲವೇ ಅಚ್ಚುಕಟ್ಟಾದ ಕ್ಯಾಂಪಿಂಗ್ ಮೈದಾನದಲ್ಲಿ ಮಲಗಿ ಬಂದವರು. ನೀವು ಹೋಗುತ್ತಿರೋದು ಎಂಥ ನೆಲಕ್ಕೆ ಅಂತ ಒಮ್ಮೆ ನೆನೆಸಿಕೊಳ್ಳಿ. ರಸ್ತೆ ಬದಿಯಲ್ಲಿ ಬಳ್ಳಾರಿ ಜಾಲಿ. ಬಯಲಲ್ಲಿ ನೆಗ್ಗಿಲು ಮುಳ್ಳು. ಸೈಕಲ್ ಹೊಡೆಯುವವರಿಗೆ ಅದರ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ಇವೆರಡಕ್ಕಿಂತ ಕೆಟ್ಟದ್ದು ತೊಗರಿ ಹೊಲ. ನೀವು ಹೊರಡುವ ಹೊತ್ತಿಗೆ ತೊಗರಿ ಕೊಯ್ಲು ನಡೆದಿರುತ್ತದೆ, ಎಷ್ಟೋ ಹೊಲ ಖಾಲಿ ಬಿದ್ದಿರುತ್ತವೆ. ದೂರದಿಂದ ನೋಡಿದರೆ ಟೆಂಟ್ ಹಾಕೋದಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿ. ಕುಡುಗೋಲಿನಿಂದ ಓರೆಯಾಗಿ ಕೊಯ್ದ ಕೂಳೆ, ಬೆರಳಿನಷ್ಟು ದಪ್ಪ, ತುದಿ ಮೊಳೆಯಂತೆ ಒಣಗಿ ನಿಂತಿರುತ್ತದೆ. ಜೋಳದ ಕೂಳೆಯಾದರೂ ಸ್ವಲ್ಪ ಬಾಗುತ್ತದೆ, ತೊಗರಿಯದು ಬಾಗೋದಿಲ್ಲ.

ನಾನು ಮೊದಲ ಸಲ ಗಾಳಿ ಮ್ಯಾಟ್ ಒಯ್ದಿದ್ದು ಚಿಂಚೋಳಿ ಕಡೆಗೇ. ಹೊಲದವರನ್ನು ಕೇಳಿಯೇ ಒಂದು ಬದುವಿನ ಪಕ್ಕ ಟೆಂಟ್ ಹಾಕಿದ್ದೆ. ಕತ್ತಲಾಗಿತ್ತು, ಕೈಯಾಡಿಸಿ ನೋಡಲಿಲ್ಲ. ರಾತ್ರಿ ಎರಡರ ಹೊತ್ತಿಗೆ ಸೊಂಟಕ್ಕೆ ನೆಲ ತಾಗಿ ಎಚ್ಚರವಾಯಿತು. ಬಾಯಿಯಿಂದ ಊದಿದೆ, ಅರ್ಧ ಗಂಟೆಗೆ ಮತ್ತೆ ಇಳಿಯಿತು. ಮತ್ತೆ ಊದಿದೆ. ನಾಲ್ಕರ ನಂತರ ನಿದ್ದೆಯೇ ಬರಲಿಲ್ಲ, ಎದ್ದು ಕೂತೆ. ಬೆಳಿಗ್ಗೆ ನೋಡಿದರೆ ಟೆಂಟಿನ ತಳದಲ್ಲೂ ಮ್ಯಾಟಿನಲ್ಲೂ ಒಂದೇ ನೇರಕ್ಕೆ ತೂತು. ಹಾಗೆ ನಿದ್ದೆಗೆಟ್ಟು ಮರುದಿನ ಬಿಸಿಲಲ್ಲಿ 70 ಕಿಲೋಮೀಟರ್ ತುಳಿಯುವ ಕಷ್ಟ ನಿಮಗೆ ಬೇಡ ಅಂತಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೆಳಗೆ ಫೋಮ್ ಇದ್ದರೆ ಎರಡು ಲಾಭ. ಸಣ್ಣ ಮುಳ್ಳು ಫೋಮಿನಲ್ಲೇ ಸಿಕ್ಕಿಕೊಳ್ಳುತ್ತದೆ, ಮೇಲಕ್ಕೆ ಬರೋದಿಲ್ಲ. ಒಂದು ವೇಳೆ ಗಾಳಿ ಮ್ಯಾಟ್ ಹೋದರೂ ಬೆಳಗಾಗುವ ತನಕ ಫೋಮ್ ನಿಮ್ಮನ್ನು ಹಿಡಿದಿಡುತ್ತದೆ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರು ಎರಡು ಮ್ಯಾಟ್ ಅಂದರೆ ಬೇಡ ಅಂತಾರೆ, ಅವರಿಗೆ ಅದು ಸರಿ. ನಿಮ್ಮ ಭಾರ ಹೊರೋದು ಸೈಕಲ್. ಅರ್ಧ ಕಿಲೋ ಹೆಚ್ಚಾದರೆ ಚಿಂಚೋಳಿ ಏರಿನಲ್ಲಿ ಸ್ವಲ್ಪ ಗೊತ್ತಾಗಬಹುದು, ಅಷ್ಟೇ.

ಇನ್ನು ಚಳಿ. ಮ್ಯಾಟ್ ಅಂದರೆ ಮೆತ್ತಗಿರಲಿ ಅಂತ ಹಾಸೋದು ಅಂದುಕೊಳ್ಳುವವರೇ ಜಾಸ್ತಿ. ಅದರ ದೊಡ್ಡ ಕೆಲಸ ಮೈಯ ಬಿಸಿ ನೆಲಕ್ಕೆ ಇಳಿಯದಂತೆ ತಡೆಯೋದು. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡೋದು ಒಳಗೆ ತುಂಬಿದ ನಾರು ಇಲ್ಲವೇ ಗರಿಗಳ ನಡುವೆ ನಿಂತ ಗಾಳಿಯಿಂದ. ನೀವು ಮೇಲೆ ಮಲಗಿದ ಕೂಡಲೇ ಬೆನ್ನ ಕೆಳಗಿನ ಭಾಗ ಚಪ್ಪಟೆಯಾಗುತ್ತದೆ, ಅಲ್ಲಿ ಗಾಳಿಯೇ ಉಳಿಯೋದಿಲ್ಲ. ಬ್ಯಾಗಿನ ಮೇಲೆ ಇಷ್ಟು ಡಿಗ್ರಿವರೆಗೆ ಬೆಚ್ಚಗೆ ಅಂತ ಬರೆದಿರುತ್ತಾರಲ್ಲ, ಅದನ್ನು ಅಳೆಯುವಾಗ ಕೆಳಗೆ ಒಂದು ಒಳ್ಳೆಯ ಮ್ಯಾಟ್ ಇಟ್ಟೇ ಅಳೆಯುತ್ತಾರೆ. ಮ್ಯಾಟ್ ಇಲ್ಲದೆ ಮಲಗಿ ಬ್ಯಾಗ್ ಕೆಟ್ಟದ್ದು ಅಂದರೆ ಹೇಗೆ, ಅಲ್ವಾ?

ಮ್ಯಾಟ್ ಎಷ್ಟು ಬಿಸಿ ತಡೆಯುತ್ತದೆ ಅನ್ನೋದಕ್ಕೆ ಆರ್-ವ್ಯಾಲ್ಯೂ ಅಂತ ಒಂದು ಅಂಕಿ ಇದೆ. ಕೆಳಗೆ ತಣ್ಣನೆಯ ತಟ್ಟೆ, ಮೇಲೆ ಮೈ ಬಿಸಿಯಷ್ಟು ಕಾಯಿಸಿದ ತಟ್ಟೆ, ನಡುವೆ ಮ್ಯಾಟ್ ಇಟ್ಟು ಮೇಲಿನ ಬಿಸಿ ಉಳಿಸಿಕೊಳ್ಳೋದಕ್ಕೆ ಎಷ್ಟು ಶಕ್ತಿ ಬೇಕು ಅಂತ ಅಳೆಯುತ್ತಾರೆ. ಅಂಕಿ ದೊಡ್ಡದಾದಷ್ಟು ತಡೆ ಜಾಸ್ತಿ. ಮೊದಲು ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನುವ ಒಂದೇ ವಿಧಾನ ಬಂತು. ಡಬ್ಬಿಯ ಮೇಲೆ ಆ ಹೆಸರು ಇದ್ದರೆ ಅಂಕಿಯನ್ನು ನಂಬಿ. ಸುಮ್ನೆ "ಮೈನಸ್ 10 ಡಿಗ್ರಿಗೂ ಬೆಚ್ಚಗೆ" ಅಂತ ಮಾತ್ರ ಬರೆದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇನ್ನೊಂದು ಒಳ್ಳೆಯ ಗುಣ ಏನಂದರೆ ಈ ಅಂಕಿಗಳನ್ನು ಕೂಡಿಸಬಹುದು. 2ರ ಫೋಮಿನ ಮೇಲೆ 2ರ ಗಾಳಿ ಮ್ಯಾಟ್ ಹಾಸಿದರೆ 4.

ನಿಮಗೆ ಎಷ್ಟು ಬೇಕು? ಬೀದರ್ ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಎತ್ತರದಲ್ಲಿದೆ, ಕಲಬುರಗಿ 450ರ ಆಸುಪಾಸು. ಡಿಸೆಂಬರ್-ಜನವರಿಯಲ್ಲಿ ಚಳಿ ಜೋರಾದ ರಾತ್ರಿ ಬೀದರ್ ಕಡೆ 10 ಡಿಗ್ರಿಗಿಂತ ಕೆಳಗೆ ಇಳಿಯೋದು ಉಂಟು. ಹಗಲು ಬಿಸಿಲು ಚುರುಗುಟ್ಟುತ್ತಿರುತ್ತದೆ, ಹಾಗಾಗಿ ಹೊರಡುವಾಗ ಚಳಿಯ ನೆನಪೇ ಇರೋದಿಲ್ಲ. ನನ್ನ ಲೆಕ್ಕದಲ್ಲಿ ಎರಡೂ ಸೇರಿ 3 ಬಂದರೆ ನಿಮಗೆ ಧಾರಾಳ. ಹಿಮದ ಮೇಲೆ ಮಲಗುವವರಿಗೆ ಮಾಡಿದ 5, 6ರ ಮ್ಯಾಟಿಗೆ ದುಡ್ಡು ಹಾಕಬೇಡಿ.

ಆದರೆ 800 ರೂಪಾಯಿ ಮ್ಯಾಟಿನ ಬಗ್ಗೆ ಒಂದು ಎಚ್ಚರಿಕೆ. ಅದು ದಪ್ಪ ಇರುತ್ತದೆ, ಮೆತ್ತಗಿರುತ್ತದೆ, ಅಂಗಡಿಯಲ್ಲಿ ಮಲಗಿ ನೋಡಿದರೆ ಖುಷಿಯಾಗುತ್ತದೆ. ಒಳಗೆ ಬರೀ ಟೊಳ್ಳು. ಟೊಳ್ಳಿನಲ್ಲಿ ಗಾಳಿ ತಿರುಗಾಡುತ್ತದೆ, ನಿಮ್ಮ ಬೆನ್ನ ಬಿಸಿ ತಗೊಂಡು ಹೋಗಿ ನೆಲಕ್ಕೆ ಕೊಟ್ಟು ಬರುತ್ತದೆ. ದಪ್ಪವಾಗಿದ್ದ ಮಾತ್ರಕ್ಕೆ ಬೆಚ್ಚಗಿರುತ್ತದೆ ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ. ಒಳ್ಳೆಯ ಮ್ಯಾಟಿನೊಳಗೆ ನಾರಿನ ಪದರವೋ ಹೊಳೆಯುವ ತೆಳು ಹಾಳೆಯೋ ಇರುತ್ತದೆ, ಗಾಳಿಯ ಓಡಾಟ ಮತ್ತು ಬಿಸಿ ಸೋರುವುದನ್ನು ತಡೆಯೋದಕ್ಕೆ. ಬೆಲೆ ಏರೋದು ಬಹುಪಾಲು ಇದಕ್ಕೇ.

ನಡುವಿನ ಇನ್ನೊಂದು ಜಾತಿ ಇದೆ, ತಾನೇ ಗಾಳಿ ಎಳೆದುಕೊಳ್ಳುವ ಮ್ಯಾಟ್. ಒಳಗೆ ತೆರೆದ ರಂಧ್ರದ ಸ್ಪಂಜು, ಮೇಲೆ ಗಾಳಿ ಬಿಡದ ಬಟ್ಟೆ. ವಾಲ್ವ್ ತೆರೆದರೆ ಸ್ಪಂಜು ಉಬ್ಬಿ ಗಾಳಿ ಎಳೆದುಕೊಳ್ಳುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್ ಕೆಲಸ ಕಳೆದುಕೊಂಡ ಎಂಜಿನಿಯರ್‌ಗಳು ಸೇರಿ ಮಾಡಿದ್ದು, ಥರ್ಮಾರೆಸ್ಟ್ ಅನ್ನೋ ಮ್ಯಾಟ್ ಬ್ರ್ಯಾಂಡ್ ಅಲ್ಲಿಂದಲೇ ಬಂತು. ಒಳ್ಳೆ ವಸ್ತು, ಗಟ್ಟಿ ಕೂಡ. ತೂತಾದರೂ ಒಳಗಿನ ಸ್ಪಂಜು ಸ್ವಲ್ಪವಾದರೂ ಆಧಾರ ಕೊಡುತ್ತದೆ. ಆದರೆ 4 ಸೆಂಟಿಮೀಟರ್ ದಪ್ಪದ್ದು ಒಂದು ಕಿಲೋ ಹತ್ತಿರ ತೂಗುತ್ತದೆ, ಸುತ್ತಿದರೂ ದಪ್ಪ ಕಟ್ಟು. ಒಂದೇ ಮ್ಯಾಟಿನಲ್ಲಿ ಎಲ್ಲಾ ಮುಗಿಯಲಿ ಅಂದರೆ ಇದು ನನ್ನ ಎರಡನೇ ಆಯ್ಕೆ.

ನಿಮ್ಮ ಯೋಗ ಮ್ಯಾಟ್ ಬಿಸಾಡಬೇಡಿ, ಅದನ್ನು ಕೈಯಲ್ಲಿ ಎತ್ತಿ ನೋಡಿ. ಹಗುರ ಇದ್ದು, ಉಗುರು ಒತ್ತಿದರೆ ಗುರುತು ಬಿದ್ದು ನಿಧಾನಕ್ಕೆ ಮೇಲೆ ಬಂದರೆ ಅದು ಇವಿಎ ಫೋಮ್. ಮುಚ್ಚಿದ ರಂಧ್ರದ್ದು, ನೀರು ಹೀರೋದಿಲ್ಲ. ಕೆಳಗಿನ ಪದರಕ್ಕೆ ಅದೇ ಸಾಕು, ಹೊಸ ಫೋಮ್ ಕೊಳ್ಳಬೇಡಿ. ಒಂದು ಕಿಲೋ ಭಾರ ಇದ್ದು ರಬ್ಬರಿನಂತೆ ಜೋತುಬಿದ್ದರೆ ಪಿವಿಸಿ. ಅದು ಕಾಲು ಜಾರದಿರಲಿ ಅಂತ ಮಾಡಿದ್ದು, ಚಳಿ ತಡೆಯೋದಕ್ಕಲ್ಲ. ಮನೆಯಲ್ಲೇ ಇರಲಿ. ಹೊಸದಾಗಿ ಕೊಳ್ಳೋದಾದರೆ 8ರಿಂದ 10 ಮಿಲಿಮೀಟರ್‌ನ ಇವಿಎ ಅಥವಾ ಎಕ್ಸ್‌ಪಿಇ ಅನ್ನೋ ಫೋಮಿನ ಸುರುಳಿ ನೋಡಿ, ಡೆಕಾತ್ಲಾನ್‌ನಂಥ ಅಂಗಡಿಗಳಲ್ಲಿ ಸಿಗುತ್ತದೆ. ಮೊಟ್ಟೆ ಟ್ರೇ ತರಹ ಉಬ್ಬುತಗ್ಗು ಇದ್ದು ಮಡಚಿಕೊಳ್ಳುವ ಜಾತಿ ಇನ್ನೂ ವಾಸಿ. ಅದು 2 ಸೆಂಟಿಮೀಟರ್ ದಪ್ಪ, 400 ಗ್ರಾಂ ಆಸುಪಾಸು, ಆರ್-ವ್ಯಾಲ್ಯೂ ಸುಮಾರು 2.

ಇನ್ನು ಅವ್ವನ ಕೌದಿ. ಅವ್ವ ಹೇಳಿದ್ದರಲ್ಲಿ ಅರ್ಥ ಇದೆ. ಪದರ ಪದರವಾಗಿ ಹೊಲಿದ ಹಳೆ ಬಟ್ಟೆಯ ನಡುವೆ ಗಾಳಿ ನಿಲ್ಲುತ್ತದೆ, ಮುಳ್ಳಿಗೆ ಅದು ಜಗ್ಗೋದಿಲ್ಲ, ಪಂಕ್ಚರ್ ಆಗೋದೇ ಇಲ್ಲ. ನಮ್ಮ ಹಿರಿಯರು ಹೊಲ ಕಾಯುವಾಗ ಕೆಳಗೆ ಜೋಳದ ಕಣಿಕೆ ಹರವಿ, ಮೇಲೆ ಕೌದಿ ಹಾಸಿ, ಹೊದೆಯೋದಕ್ಕೆ ಕಂಬಳಿ ತಗೊಂಡು ಚಳಿಗಾಲ ಕಳೆದಿದ್ದಾರೆ. ಕಣಿಕೆಯ ಒಳಗಿನ ಬೆಂಡು, ದಂಟಿನ ನಡುವಿನ ಸಂದು, ಎಲ್ಲದರಲ್ಲೂ ನಿಂತ ಗಾಳಿ. ಇವತ್ತಿನ ಮ್ಯಾಟ್ ಮಾಡೋದೂ ಇದೇ ಕೆಲಸ. ಕೌದಿಯ ತೊಂದರೆ ಎರಡೇ. ತೂಕ ಮತ್ತು ನೀರು. ದೊಡ್ಡ ಕೌದಿ ಎರಡು-ಮೂರು ಕಿಲೋ ಬರುತ್ತದೆ, ಇಬ್ಬನಿ ಕುಡಿದರೆ ಇನ್ನೂ ಜಾಸ್ತಿ, ದಾರಿಯಲ್ಲಿ ಒಣಗಿಸೋದಕ್ಕೆ ಪುರುಸೊತ್ತು ಎಲ್ಲಿ? ಮಗುವಿಗೆ ಹೊಲಿದ ಚಿಕ್ಕ ಕೌದಿ ಮನೆಯಲ್ಲಿದ್ದರೆ ಅದನ್ನು ಒಯ್ಯಿರಿ. ಮಗ್ಗಲಾಗಿ ಮಲಗುವವರಿಗೆ ಅದು ತುಂಬಾ ಉಪಯೋಗ, ಹೇಗೆ ಅಂತ ಹೇಳುತ್ತೇನೆ.

ಅಂಗಾತ ಮಲಗುವವರ ಭಾರ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಮಗ್ಗಲಾಗಿ ಮಲಗಿದರೆ ಸೊಂಟದ ಮೂಳೆ ಮತ್ತು ಭುಜ, ಈ ಎರಡೇ ಜಾಗಕ್ಕೆ ಭಾರವೆಲ್ಲ ಬೀಳುತ್ತದೆ. 10 ಮಿಲಿಮೀಟರ್ ಫೋಮ್ ಮೇಲೆ ನಿಮಗೆ ಒಂದು ಗಂಟೆಯಲ್ಲಿ ಕೈ ಜುಮ್ಮೆನ್ನುತ್ತದೆ. ಹಾಗಾಗಿ ನಿಮ್ಮ ಗಾಳಿ ಮ್ಯಾಟ್ 6 ಸೆಂಟಿಮೀಟರ್‌ಗಿಂತ ದಪ್ಪ ಇರಲಿ. ಉದ್ದ 183 ಸೆಂಟಿಮೀಟರ್‌ನದು ನಿಮ್ಮ ಎತ್ತರಕ್ಕೆ ಸರಿಹೋಗುತ್ತದೆ. ಅಗಲ ಸಾಮಾನ್ಯವಾಗಿ 51 ಸೆಂಟಿಮೀಟರ್ ಬರುತ್ತದೆ, ಮೊಣಕಾಲು ಮಡಚಿ ಮಲಗುವವರಿಗೆ ಅದು ಇಕ್ಕಟ್ಟು. 60ರ ಮೇಲಿನದು ಸಿಕ್ಕರೆ ನೋಡಿ, ಆದರೆ ಇಬ್ಬರದ್ದೂ ಟೆಂಟಿನಲ್ಲಿ ಹಿಡಿಸುತ್ತದೋ ಇಲ್ಲವೋ ಅಂತ ಟೇಪು ಹಿಡಿದು ಅಳೆದುಕೊಳ್ಳಿ. ಗಾಳಿ ತುಂಬುವಾಗ ಕಲ್ಲಿನಂತೆ ಬಿಗಿ ಮಾಡಬೇಡಿ. ಪೂರ್ತಿ ತುಂಬಿ, ಮಗ್ಗಲಾಗಿ ಮಲಗಿ, ವಾಲ್ವ್ ಸ್ವಲ್ಪ ಸ್ವಲ್ಪ ಬಿಡುತ್ತಾ ಬನ್ನಿ. ಸೊಂಟ ನೆಲಕ್ಕೆ ಇನ್ನೇನು ತಾಗುತ್ತದೆ ಅನ್ನುವಾಗ ಮುಚ್ಚಿ. ಫೋಮ್ ಒಂದೇ ಒಯ್ಯೋದಾದರೆ ಆ ಚಿಕ್ಕ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಕೆಳಗೆ ಇಡಿ. ಅಷ್ಟರಿಂದಲೇ ರಾತ್ರಿ ಎಷ್ಟೋ ಹಗುರಾಗುತ್ತದೆ.

ಬೆಳಗಿನ ಜಾವ ಮ್ಯಾಟ್ ಸ್ವಲ್ಪ ಮೆತ್ತಗಾದರೆ ತೂತಾಗಿದೆ ಅಂತ ಗಾಬರಿಯಾಗಬೇಡಿ. ಸಂಜೆ 32 ಡಿಗ್ರಿ ಇದ್ದಾಗ ತುಂಬಿದ ಗಾಳಿ 12 ಡಿಗ್ರಿಗೆ ತಣ್ಣಗಾದರೆ ನೂರಕ್ಕೆ ಆರೇಳು ಪಾಲು ಕುಗ್ಗುತ್ತದೆ. ಮಲಗುವ ಮುಂಚೆ ಇನ್ನೆರಡು ಸಲ ಊದಿದರೆ ಮುಗಿಯಿತು. ಇದರ ಉಲ್ಟಾ ಅಪಾಯ ಬೇಸಿಗೆಯಲ್ಲಿ. ತುಂಬಿದ ಮ್ಯಾಟ್ ಬಿಸಿಲಲ್ಲಿ ಬಿಟ್ಟರೆ ಗಾಳಿ ಹಿಗ್ಗಿ ಒಳಗಿನ ಅಂಟು ಬಿಡುತ್ತದೆ, ಮಧ್ಯದಲ್ಲಿ ಬುಗ್ಗೆ ಏಳುತ್ತದೆ, ಅದನ್ನು ಯಾರೂ ರಿಪೇರಿ ಮಾಡೋದಕ್ಕಾಗೋದಿಲ್ಲ. ಹಗಲಲ್ಲಿ ವಾಲ್ವ್ ತೆರೆದಿಡಿ. ಹಾಗೇ ಬಾಯಿಯಿಂದ ಊದೋದಕ್ಕಿಂತ ಪಂಪಿನ ಚೀಲ ಬಳಸಿ. ಉಸಿರಿನ ತೇವ ಒಳಗೆ ಸೇರಿದರೆ ಕಾಲಕ್ರಮೇಣ ಬೂಷ್ಟು ಹಿಡಿಯುತ್ತದೆ.

ನೆಲ ಆರಿಸುವ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಯಾಕಂದರೆ ನಿಮ್ಮ ನಾಲ್ಕು ದಿನದಲ್ಲಿ ಮೂರು ತರಹದ ನೆಲ ಸಿಗುತ್ತದೆ. ಮೊದಲನೆಯದು ಎರೆ. ಆ ಹೊತ್ತಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ, ಹೆಂಟೆ ಗಟ್ಟಿಯಾಗಿರುತ್ತದೆ, ಬಿರುಕಿನಲ್ಲಿ ಚೇಳು ಇರುತ್ತವೆ. ಅಕಸ್ಮಾತ್ ಮಳೆ ಬಂದರೆ ಟೆಂಟ್, ಮ್ಯಾಟ್, ಸೈಕಲ್ ಚಕ್ರ ಎಲ್ಲಕ್ಕೂ ಜಿಗಟು ಮಣ್ಣು ಮೆತ್ತಿಕೊಂಡು ಅಲ್ಲಿಂದ ಹೊರಬರೋದೇ ಕಷ್ಟ. ಎರೆ ಹೊಲ ಬಿಟ್ಟುಬಿಡಿ. ಎರಡನೆಯದು ಗರಸು ಮತ್ತು ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲ. ನೀರು ನಿಲ್ಲೋದಿಲ್ಲ, ಸಮ ಇರುತ್ತದೆ, ಆದರೆ ಸಣ್ಣ ಹರಳು ಚೂಪು. ಕೆಳಗೆ ಫೋಮ್ ಇದ್ದರೆ ಇದೇ ಎಲ್ಲಕ್ಕಿಂತ ಒಳ್ಳೆಯ ನೆಲ. ಕೆಂಪು ದೂಳು ವಾಲ್ವಿನೊಳಗೆ ಹೋಗದಂತೆ ನೋಡಿಕೊಳ್ಳಿ, ಒಂದು ಹರಳು ಸಿಕ್ಕಿಕೊಂಡರೂ ರಾತ್ರಿಯಿಡೀ ಗಾಳಿ ಸೋರುತ್ತದೆ.

ಮೂರನೆಯದು ಪರಸಿ. ನಮ್ಮ ಶಹಾಬಾದ್ ಕಲ್ಲು ಹಾಸಿದ ಗುಡಿ ಪೌಳಿ, ಶಾಲೆ ವರಾಂಡ, ಊರ ಕಟ್ಟೆ. ಊರವರನ್ನು ಕೇಳಿದರೆ ಬೇಡ ಅನ್ನೋದು ಕಡಿಮೆ, ಊಟಕ್ಕೂ ಕರೆಯುತ್ತಾರೆ. ಮುಳ್ಳಿಲ್ಲ, ಸಮ ಇದೆ, ಇಲ್ಲಿ ಚಿಂತೆಯೇ ಇಲ್ಲ ಅನ್ನಿಸುತ್ತದೆ. ಕಲ್ಲು ಒಣ ಮಣ್ಣಿಗಿಂತ ಎಷ್ಟೋ ಪಟ್ಟು ಜೋರಾಗಿ ಬಿಸಿ ಎಳೆಯುತ್ತದೆ ಅನ್ನೋದು ಬೆಳಗಿನ ಜಾವ ಗೊತ್ತಾಗೋದು. ಸಂಜೆ ಮಲಗುವಾಗ ಹಗಲಿನ ಬಿಸಿಲು ಕುಡಿದ ಕಲ್ಲು ಬೆಚ್ಚಗಿರುತ್ತದೆ, ಮೈಗೆ ಹಿತ ಅನ್ನಿಸುತ್ತದೆ. ಮೂರು ಗಂಟೆ ಹೊತ್ತಿಗೆ ಅದೇ ಕಲ್ಲು ತಣ್ಣಗಾಗಿ ಬೆನ್ನಿನ ಬಿಸಿಗೆ ಕೈ ಹಾಕುತ್ತದೆ. ಕಾಗಿಣಾ ದಂಡೆಯ ಒಂದು ಗುಡಿಯಲ್ಲಿ ಜನವರಿಯಲ್ಲಿ ಬರೀ ಜಮಖಾನ ಹಾಸಿ ಮಲಗಿ ನಾನು ಇದನ್ನು ಕಲಿತೆ. ಕಲ್ಲಿನ ಮೇಲೆ ಮಲಗುವ ದಿನವೇ ಎರಡೂ ಪದರ ಬಿಡದೆ ಹಾಸಿ.

ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಧಾಮ. ಚಂದ್ರಂಪಳ್ಳಿ ಅಣೆಕಟ್ಟಿನ ಸುತ್ತ ಎಷ್ಟೇ ಚಂದ ಕಂಡರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೆಂಟ್ ಹಾಕಬೇಡಿ.

ಹಾವಿನ ಮಾತು ಹೇಳದೆ ಮ್ಯಾಟಿನ ಮಾತು ಮುಗಿಸಬಾರದು. ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ನೋಯೋದೂ ಇಲ್ಲ. ಟೆಂಟಿನ ಒಳಗೆ ಜಿಪ್ ಪೂರ್ತಿ ಎಳೆದು ಮಲಗಿ. ಕಟ್ಟೆ ಮೇಲೆ ಮಲಗೋದಾದರೆ ಸೊಳ್ಳೆ ಪರದೆ ಕಟ್ಟಿ, ಅದರ ಅಂಚನ್ನು ಸುತ್ತಲೂ ಮ್ಯಾಟಿನ ಕೆಳಗೆ ಸಿಕ್ಕಿಸಿ. ಮ್ಯಾಟ್ ದಪ್ಪ ಇದ್ದರೆ ಪರದೆ ಬಿಗಿಯಾಗಿ ಕೂಡುತ್ತದೆ, ಇದೂ ಒಂದು ಲಾಭ. ಕಚ್ಚಿದ ಅನುಮಾನ ಬಂದರೂ ಸಾಕು, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಸೈಕಲ್ಲಿಗೆ ಕಟ್ಟುವ ರೀತಿ. ಫೋಮ್ ಸುರುಳಿಯನ್ನು ಕ್ಯಾರಿಯರ್ ಮೇಲೆ ಅಡ್ಡ ಕಟ್ಟಿದರೆ ಎರಡೂ ಕಡೆ ಹೊರಗೆ ಚಾಚುತ್ತದೆ. ನೀವು ಹೋಗುವ ಹೊತ್ತಿಗೆ ಹುಮನಾಬಾದ್ ಸುತ್ತ ಕಬ್ಬಿನ ಟ್ರ್ಯಾಕ್ಟರ್‌ಗಳ ಓಡಾಟ ಜೋರು, ಅವು ಒತ್ತಿಕೊಂಡೇ ದಾಟುತ್ತವೆ. ಉದ್ದಕ್ಕೆ ಕಟ್ಟಿ. ಮಡಚುವ ಫೋಮ್ ಆದರೆ ಈ ತಲೆಬಿಸಿ ಕಡಿಮೆ. ಹಳೆ ಟ್ಯೂಬ್ ಕತ್ತರಿಸಿದ ರಬ್ಬರ್ ಪಟ್ಟಿಗಿಂತ ಒಳ್ಳೆ ಕಟ್ಟು ನಾನು ಕಂಡಿಲ್ಲ, ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಪಟ್ಟಿಯ ತುದಿ ಕಡ್ಡಿಗಳಿಗೆ ಸಿಗದಂತೆ ಒಳಗೆ ಸಿಕ್ಕಿಸಿ. ಗಾಳಿ ಮ್ಯಾಟ್ ಮಾತ್ರ ಹೊರಗೆ ಕಟ್ಟಬೇಡಿ, ಬಟ್ಟೆಗಳ ಚೀಲದ ಒಳಗೆ ಇಡಿ. ಒಂದು ಜಾಲಿ ಟೊಂಗೆ ಸವರಿದರೂ ಸಾಕು.

ಪಂಕ್ಚರ್ ಆಯಿತು ಅನ್ನಿ. ತೂತು ಹುಡುಕೋದು ಟ್ಯೂಬಿನ ತರಹವೇ, ಸೋಪಿನ ನೀರು ಸವರಿ ಗುಳ್ಳೆ ನೋಡಿ. ಆದರೆ ಸೈಕಲ್ ಸೊಲ್ಯೂಷನ್ ಹಚ್ಚಬೇಡಿ. ಅದು ಟ್ಯೂಬಿನ ಬ್ಯುಟೈಲ್ ರಬ್ಬರಿಗೆ ಮಾಡಿದ್ದು, ಮ್ಯಾಟಿನದು ಹೆಚ್ಚಾಗಿ ಟಿಪಿಯು ಅನ್ನೋ ಪ್ಲಾಸ್ಟಿಕ್ ಲೇಪಿಸಿದ ನೈಲಾನ್, ಅದಕ್ಕೆ ಸರಿಯಾಗಿ ಹಿಡಿಯೋದಿಲ್ಲ. ಮ್ಯಾಟಿನ ಜೊತೆ ಬರುವ ಅಂಟುಪಟ್ಟಿ ಇಟ್ಟುಕೊಳ್ಳಿ. ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ, ಗಾಳಿ ಇಲ್ಲದೆ ಚಪ್ಪಟೆಯಾಗಿದ್ದಾಗ ಅಂಟಿಸಿ.

ಬೇಸಿಗೆಯಲ್ಲಿ ಇದೇ ದಾರಿಯಲ್ಲಿ ಹೋಗುವ ಮನಸ್ಸಾದರೆ ಲೆಕ್ಕ ಬೇರೆ. 40 ಡಿಗ್ರಿ ದಾಟಿದ ದಿನದ ರಾತ್ರಿ ಫೋಮ್ ಮೇಲೆ ಬೆನ್ನು ಬೆವರಿ ಅಂಟುತ್ತದೆ. ಮೇಲೆ ಹತ್ತಿ ಪಂಚೆ ಹಾಸಿ, ಇಲ್ಲವೇ ಊರಲ್ಲಿ ಒಂದು ಹೊರಸು ಕೇಳಿ. ಕೆಳಗಿಂದ ಗಾಳಿ ಆಡುತ್ತದೆ, ಆಗ ಮ್ಯಾಟೇ ಬೇಡ.

ಕೊಂಡ ಮೇಲೆ ಹೊರಡುವ ಮುಂಚೆ ಒಂದು ರಾತ್ರಿ ನಿಮ್ಮ ಮಾಳಿಗೆ ಮೇಲೆ ಎರಡೂ ಹಾಸಿಕೊಂಡು ಮಲಗಿ. ಬರೀ ಹತ್ತು ನಿಮಿಷ ಮಲಗಿ ನೋಡೋದಲ್ಲ, ಬೆಳಗಿನ ತನಕ. ಸೊಂಟ ನೋಯುತ್ತದೋ, ಮೂರು ಗಂಟೆಗೆ ಚಳಿ ಹತ್ತುತ್ತದೋ, ವಾಲ್ವ್ ಸೋರುತ್ತದೋ ಎಲ್ಲಾ ಅಲ್ಲೇ ತಿಳಿಯುತ್ತದೆ, ಬದಲಿಸೋದಕ್ಕೂ ಸಮಯ ಇರುತ್ತದೆ. ಇನ್ನು ದಾರಿಯಲ್ಲಿ, ಟೆಂಟ್ ಹಾಸುವ ಮುಂಚೆ ಬೆಳಕಿರುವಾಗಲೇ ನೆಲಕ್ಕೆ ಕೂತು, ಚಪ್ಪಲಿ ಹಿಡಿದು ನೆಲವನ್ನು ಪೂರ್ತಿ ಉಜ್ಜಿ. ಮುಳ್ಳು ಚಪ್ಪಲಿಗೆ ಚುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಮ್ಯಾಟ್ ಸುತ್ತುವ ಮುಂಚೆ ಎತ್ತಿ ಕೊಡವಿ, ತಳಭಾಗ ತಿರುಗಿಸಿ ನೋಡಿ. ಚೇಳು ಬೆಚ್ಚಗಿರುವ ಜಾಗ ಹುಡುಕಿಕೊಂಡು ಅಲ್ಲಿಗೇ ಬಂದಿರುತ್ತದೆ.